ಮಂಗಳೂರಿನ ಹದಿಮೂರು ದಿನಗಳ ಸರಕಾರ (1837)

ಅಮರಸುಳ್ಯದ ರೈತ ದಂಗೆಯಿಂದ ಹುಟ್ಟಿದ ಅಲ್ಪಾಯುಷಿ ಆಡಳಿತ. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಈಸ್ಟ್ ಇಂಡಿಯಾ ಕಂಪನಿ ಸರಕಾರ ಅಮರಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಧಾನ್ಯರೂಪದ ಕಂದಾಯವನ್ನು ನಗದಾಗಿ ಕಟ್ಟಬೇಕಾಗಿ ಬಂದು ರೈತರು ಸಾಲಕ್ಕೆ ಬಿದ್ದರು. ಕೆದಂಬಾಡಿ ರಾಮಯ್ಯಗೌಡರ ಮುಂದಾಳತ್ವದ ಬಂಡಾಯಗಾರರು ಬೆಳ್ಳಾರೆಯ ಖಜಾನೆ ಹಿಡಿದು, 1837ರ ಏಪ್ರಿಲ್ 5ರಂದು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಧ್ವಜ ಏರಿಸಿದರು.

ಈ ಸರಕಾರದ ಮೊದಲ ದೌರ್ಬಲ್ಯ ಅದರ ಅಡಿಪಾಯದಲ್ಲೇ ಇತ್ತು. ಬಂಡಾಯಗಾರರಲ್ಲೊಬ್ಬನಾದ ಪುಟ್ಟಬಸಪ್ಪನನ್ನು ಕೊಡಗಿನ ಅರಸುಮನೆತನವಾದ ಹಾಲೇರಿ ವಂಶದ ಕಲ್ಯಾಣಸ್ವಾಮಿ ಎಂದು ಮುಂದಿರಿಸಲಾಗಿತ್ತು. ರೈತರ ಸಿಟ್ಟು ನಿಜವಾದರೂ ಅಧಿಕಾರದ ಹಕ್ಕು ಆ ಹೆಸರನ್ನು ನಂಬಿ ನಿಂತಿತ್ತು. ಕೊಡಗಿನ ದಿವಾನ ಬೋಪು ಕಂಪನಿಯ ಪಕ್ಷ ವಹಿಸಿದ್ದು ದೊಡ್ಡ ಪೆಟ್ಟು. ಕೆನರಾ ಜಿಲ್ಲೆಯ ಎಲ್ಲ ಭಾಗಗಳಿಗೂ ಆಡಳಿತ ಚಾಚಲಿಲ್ಲ. ಎಲ್ಲಕ್ಕಿಂತ ಮಾರಕವಾದದ್ದು ಕಡಲು: ಬಂದರು ಕೈಯಲ್ಲಿದ್ದರೂ ಹಡಗುಪಡೆ ಇರಲಿಲ್ಲ, ಕಣ್ಣೂರಿನಿಂದ ಕಂಪನಿಯ ಸೈನ್ಯ ಸಮುದ್ರಮಾರ್ಗವಾಗಿ ಬಂತು.

ಇದನ್ನು ಇನ್ನೊಂದು ಅಲ್ಪಾಯುಷಿ ಸರಕಾರದೊಡನೆ ಹೋಲಿಸಬಹುದು. 1917ರ ರಷ್ಯಾದ ತಾತ್ಕಾಲಿಕ ಸರಕಾರ ಯುದ್ಧ ಮುಂದುವರಿಸಿ, ಭೂಮಿಯ ಪ್ರಶ್ನೆಯನ್ನು ಮುಂದೂಡಿ, ಸೋವಿಯತ್ತುಗಳೊಡನೆ ಅಧಿಕಾರ ಹಂಚಿಕೊಂಡು ಕುಸಿಯಿತು. ಮಂಗಳೂರಿನವರಿಗೆ ರೈತನ ಬೇಡಿಕೆ ಸ್ಪಷ್ಟವಾಗಿತ್ತು. ಅದನ್ನು ಈಡೇರಿಸುವ ಕಾಲಾವಕಾಶ, ಸೈನ್ಯ ಎರಡೂ ಇರಲಿಲ್ಲ. ಇವರ ಸೋಲನ್ನು ಬರಿಯ ಅವಿವೇಕವೆಂದು ತಳ್ಳಿಹಾಕುವುದು ಅನ್ಯಾಯ.

ಸರಕಾರ ಬಿದ್ದ ಮೇಲೆ ಪುಟ್ಟಬಸಪ್ಪ ಹಾಗೂ ಬಂಡಾಯದ ಮುಂದಾಳು ಲಕ್ಷ್ಮಪ್ಪ ಬಂಗರಸರನ್ನು ಮಂಗಳೂರಿನ ಬಿಕರ್ನಕಟ್ಟೆಯಲ್ಲಿ, ಇನ್ನೊಬ್ಬ ಮುಂದಾಳು ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಬಾವುಟಗುಡ್ಡೆಯಲ್ಲಿ ರಾಮಯ್ಯಗೌಡರ ಪ್ರತಿಮೆ 2022ರಲ್ಲಿ ಅನಾವರಣಗೊಂಡಿತು.