ವಿಜ್ಞಾನ ಕಥೆಯ ಪೋಸ್ಟರ್: ಪಾತ್ರ ಮತ್ತು ಸಂಯೋಜನೆಯ ಇತಿಹಾಸ

ಎಲ್ಲೂ ಕಂಡಿರದ ಲೋಕವೊಂದನ್ನು ಒಂದೇ ನೋಟಕ್ಕೆ ನಂಬಿಸುವಂತೆ ಬರೆದ ಪ್ರಚಾರಚಿತ್ರವೇ ವಿಜ್ಞಾನ ಕಥೆಯ ಪೋಸ್ಟರ್. ಮುದ್ರಿತ ರೂಪದಲ್ಲಿ ಇದಕ್ಕೆ ಸುಮಾರು ನೂರು ವರ್ಷ. ಆದರೆ ನಾಯಕ, ವಾಹನ, ವೈರಿ ಇವರನ್ನೆಲ್ಲ ಗೊಂದಲವಿಲ್ಲದೆ ಒಂದು ಚೌಕಟ್ಟಿಗೆ ತರುವ ಕಷ್ಟ ಹಂಪಿ ಸೀಮೆಯ ಚಿತ್ರಗಾರರಿಗೆ ಅದಕ್ಕಿಂತ ಬಹಳ ಹಿಂದೆಯೇ ಎದುರಾಗಿತ್ತು.

ಹಂಪಿಯ ವಿರೂಪಾಕ್ಷ ದೇವಾಲಯದ ಮಹಾರಂಗಮಂಟಪ ಕೃಷ್ಣದೇವರಾಯನ ಪಟ್ಟಾಭಿಷೇಕದ ಕಾಲದ್ದೆಂದು 1510ರ ಶಾಸನ ತಿಳಿಸುತ್ತದೆ. ಅದರ ಚಾವಣಿಯ ಚಿತ್ರಗಳಲ್ಲಿ ತ್ರಿಪುರಸಂಹಾರವೂ ಒಂದು. ತಾರಕಾಸುರನ ಮೂವರು ಮಕ್ಕಳಿಗಾಗಿ ಮಯನು ಚಿನ್ನ, ಬೆಳ್ಳಿ, ಕಬ್ಬಿಣದ ಮೂರು ನಗರಗಳನ್ನು ಕಟ್ಟಿದ. ಅವು ಸಾವಿರ ವರ್ಷಕ್ಕೊಮ್ಮೆ ಒಂದೇ ಸಾಲಿಗೆ ಬರುತ್ತವೆ. ಆ ಗಳಿಗೆಯಲ್ಲಿ ಒಂದೇ ಬಾಣದಿಂದ ಹೊಡೆದರಷ್ಟೇ ನಾಶ. ಶಿವನಿಗೆ ಭೂಮಿಯೇ ರಥ, ಸೂರ್ಯಚಂದ್ರರೇ ಗಾಲಿ, ಬ್ರಹ್ಮನೇ ಸಾರಥಿ, ವಿಷ್ಣುವೇ ಬಾಣ. ಇದನ್ನು ಮುಂದಿಟ್ಟುಕೊಂಡು ನಮ್ಮ ಹಿರಿಯರಿಗೆ ಅಂತರಿಕ್ಷಯಾನ ಗೊತ್ತಿತ್ತೆಂದು ವಾದಕ್ಕಿಳಿಯುವುದು ಬೇಡ. ಗಮನಿಸಬೇಕಾದದ್ದು, ಯಾರೂ ಕಾಣದ ಯಂತ್ರವನ್ನು ಬರೆಯಲು ಕೂತವನು ಏನು ಮಾಡಿದ ಎಂಬುದನ್ನು.

ಅವನು ಆಳವನ್ನು ಬಿಟ್ಟುಕೊಟ್ಟ. ನೆರಳಿಲ್ಲ, ದೂರ ಹತ್ತಿರದ ಭ್ರಮೆಯಿಲ್ಲ. ಕೆಂಪು ಕಾವಿ ಬಣ್ಣದ ನೆಲದ ಮೇಲೆ ಕಪ್ಪು ರೇಖೆಯಲ್ಲಿ ಬಿಡಿಸಿದ, ಪಕ್ಕಕ್ಕೆ ತಿರುಗಿದ ಮುಖಗಳು. ನೋಡುವವರು ಕೆಳಗೆ ನಿಂತು ಕತ್ತೆತ್ತಿ ನೋಡಬೇಕಾದ್ದರಿಂದ ಆಕೃತಿಯ ಹೊರಗೆರೆಯಲ್ಲೇ ಪಾತ್ರದ ಗುರುತು ಸಿಗಬೇಕಿತ್ತು. ಗಿಳಿಗಳು ಎಳೆಯುವ ರಥದಲ್ಲಿ ಮನ್ಮಥ ನಿಂತು ಧ್ಯಾನಸ್ಥ ಶಿವನತ್ತ ಬಾಣ ಹೂಡಿರುವ ಚಿತ್ರವೂ ಇಲ್ಲೇ ಇದೆ. ಬಿಲ್ಲು ಹಿಡಿದವನು ಒಂದು ಕಡೆ, ಗುರಿ ಇನ್ನೊಂದು ಕಡೆ: ನಡುವಿನ ಖಾಲಿ ಜಾಗವನ್ನು ದಾಟುವುದು ನೋಡುವವರ ಕಣ್ಣು. ಅದೇ ಚಾವಣಿಯಲ್ಲಿರುವ ಗುರು ವಿದ್ಯಾರಣ್ಯರ ಮೆರವಣಿಗೆಯ ಚಿತ್ರದ್ದು ಬೇರೆ ಬಗೆ. ಉದ್ದನೆಯ ಪಟ್ಟಿಯಲ್ಲಿ ಸಾಗುವ ಪರಿವಾರದ ನಡುವೆ ಪಲ್ಲಕ್ಕಿಯೇ ಗುರುವನ್ನು ತೋರಿಸಿಕೊಡುತ್ತದೆ.

ಮಂಟಪದ ಕಾಲವೇ ಚಿತ್ರಗಳ ಕಾಲ ಎಂಬುದನ್ನು ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ಈಗ ಕಾಣುವುದು 19ನೇ ಶತಮಾನದ ಜೀರ್ಣೋದ್ಧಾರದ ಕೆಲಸವೆಂಬ ವಾದವಿದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರ ಪೂರ್ವಜರೇ ಇವನ್ನು ಬರೆದವರು ಎಂಬ ನಂಬಿಕೆಯೂ ಇದೆ. ಪಾತ್ರದ ಹಿರಿಮೆಯನ್ನು ಗಾತ್ರದಿಂದಲೇ ತೋರಿಸುವ ಉಪಾಯ ಕಾಣಬೇಕಾದರೆ ಲೇಪಾಕ್ಷಿಗೆ ಹೋಗಬೇಕು. ಅಚ್ಯುತರಾಯನ ಕಾಲದ ಆ ಗುಡಿಯ ಚಾವಣಿಯಲ್ಲಿ ವೀರಭದ್ರ ಮಹಾಕಾಯನಾಗಿ ಹರಡಿಕೊಂಡಿದ್ದಾನೆ; ಗುಡಿ ಕಟ್ಟಿಸಿದ ವಿರೂಪಣ್ಣನ ಕಡೆಯವರು ಅವನೆದುರು ಪುಟ್ಟದಾಗಿ ಕೈಮುಗಿದಿದ್ದಾರೆ.

ಪಶ್ಚಿಮದಲ್ಲೂ ಅದ್ಭುತಕ್ಕೆ ಅಳತೆಗೋಲಾದದ್ದು ಪುಟ್ಟ ಮನುಷ್ಯನೇ. 1926ರ ಏಪ್ರಿಲ್‌ನಲ್ಲಿ ಹೊರಬಂದ 'ಅಮೇಜಿಂಗ್ ಸ್ಟೋರೀಸ್' ಪತ್ರಿಕೆಯ ಮೊದಲ ಮುಖಪುಟದಲ್ಲಿ ಫ್ರಾಂಕ್ ಆರ್. ಪಾಲ್ ಮಂಜಿನ ಮೇಲೆ ಜಾರುವ ಜನರನ್ನು ಚಿಕ್ಕದಾಗಿ ಬರೆದು, ಆಕಾಶದಲ್ಲಿ ದೈತ್ಯ ಶನಿಗ್ರಹವನ್ನು ಇಟ್ಟ. ಮರುವರ್ಷ ತೆರೆಕಂಡ ಜರ್ಮನಿಯ 'ಮೆಟ್ರೊಪೊಲಿಸ್' ಚಿತ್ರಕ್ಕೆ ಹೈನ್ಜ್ ಶುಲ್ಜ್-ನಾಯ್ಡಾಮ್ ಬರೆದ ಪೋಸ್ಟರ್‌ನಲ್ಲಿ ಯಂತ್ರಮಾನವಿಯ ಹಿಂದೆ ಗಗನಚುಂಬಿಗಳು ಒತ್ತಾಗಿ ಏಳುತ್ತವೆ. ಪಾತ್ರವೂ ನಗರವೂ ಒಂದೇ ಲೋಹದಲ್ಲಿ ಎರಕ ಹೊಯ್ದಂತಿವೆ. 1977ರ 'ಸ್ಟಾರ್ ವಾರ್ಸ್'ಗೆ ಟಾಮ್ ಜಂಗ್ ಬರೆದದ್ದರಲ್ಲಿ ಖಳನ ಮುಖವಾಡವೇ ಆಕಾಶ. ಮುಂದೆ ನಾಯಕ ಬೆಳಕಿನ ಕತ್ತಿಯನ್ನು ತಲೆಯ ಮೇಲಕ್ಕೆತ್ತಿ ನಿಂತಿದ್ದಾನೆ. ಲೇಪಾಕ್ಷಿಯಲ್ಲಿ ಭಕ್ತಿ ಹುಟ್ಟಿಸಿದ ಗಾತ್ರ ಇಲ್ಲಿ ಭಯ ಹುಟ್ಟಿಸುತ್ತದೆ.

ಕನ್ನಡದಲ್ಲಿ ವಿಜ್ಞಾನ ಕಥೆಯ ಸಿನಿಮಾಗಳು ಕಡಿಮೆ, ಹಾಗಾಗಿ ಪೋಸ್ಟರ್‌ಗಳೂ ಕಡಿಮೆ. ದಿನೇಶ್ ಬಾಬು ನಿರ್ದೇಶನದ 'ಹಾಲಿವುಡ್' (2002) ಚಿತ್ರದಲ್ಲಿ ಉಪೇಂದ್ರ ರೋಬೊ ಆಗಿಯೂ ನಟಿಸಿದರು. ನಟನ ಮುಖವೇ ಮಾರಾಟದ ಸರಕಾಗಿರುವ ಉದ್ಯಮದಲ್ಲಿ ಯಂತ್ರಕ್ಕೂ ಅದೇ ಮುಖ ಇರಬೇಕು. ಪಾತ್ರರಚನೆಗೆ ಇಷ್ಟು ಬಿಗಿಯಾದ ಕಟ್ಟುಪಾಡು ಬೇರೊಂದಿಲ್ಲ. ಉಪೇಂದ್ರ ಅವರೇ ನಿರ್ದೇಶಿಸಿದ 'ಸೂಪರ್' (2010) ಕಥೆ 2030ರ ಭಾರತದ್ದು. ಶೀರ್ಷಿಕೆಯ ಜಾಗದಲ್ಲಿ ಅಕ್ಷರ ಬಿಟ್ಟು ಬೆರಳುಗಳ ಮುದ್ರೆಯೊಂದನ್ನೇ ಇಟ್ಟದ್ದು, ನನ್ನ ಎಣಿಕೆಯಲ್ಲಿ, ಕನ್ನಡ ಪೋಸ್ಟರ್ ಮಾಡಿದ ಅತ್ಯಂತ ಧೈರ್ಯದ ಕೆಲಸ. ಓದು ಬಾರದವರೂ ಹೆಸರು ಹೇಳಬಲ್ಲವರಾದರು.

ವಿಜ್ಞಾನ ಕಥೆಯ ಪೋಸ್ಟರ್‌ಗೆ ಬೇಕಾದ ಹಿನ್ನೆಲೆ ಹಂಪಿಯ ಸೀಮೆಯಲ್ಲೇ ಸಿದ್ಧವಿದೆ. ಸಂಡೂರು ತಾಲ್ಲೂಕಿನ ಕುರೆಕುಪ್ಪ ಮತ್ತು ತೋರಣಗಲ್ಲಿನ ಸುತ್ತ ಬೆಳೆದ ಜಿಂದಾಲ್ ಉಕ್ಕಿನ ಕಾರ್ಖಾನೆ ಇರುಳಿನಲ್ಲಿ ಚಿಮಣಿ, ಕುಲುಮೆ, ಕನ್ವೇಯರ್‌ಗಳ ಹೊರಗೆರೆಯಾಗಿ ಕಾಣುತ್ತದೆ. ಕಾರ್ಖಾನೆಯ ವಸತಿನಗರವಾದ ವಿದ್ಯಾನಗರದಲ್ಲಿ 2024ರಲ್ಲಿ ಹಂಪಿ ಆರ್ಟ್ ಲ್ಯಾಬ್ಸ್ ಆರಂಭವಾಯಿತು. ಕಲಾವಿದರು ಅಲ್ಲೇ ಉಳಿದು ಕೆಲಸ ಮಾಡಬಹುದು; ಅಚ್ಚುಚಿತ್ರ ತೆಗೆಯುವ ಸ್ಟುಡಿಯೊ ಕೂಡ ಇದೆ.