ಬರೆಯಲು ಒಂದು ವರ್ಷ

ಬಹುಮಾನಗಳೆಂದರೆ ನನಗೆ ಅಷ್ಟಕ್ಕಷ್ಟೇ. ಆದರೆ ನಿಕೋಲ್ ಫೆಲೋಷಿಪ್ಪಿನ ಬಗೆಯೇ ಬೇರೆ. ಟೆಲಿವಿಷನ್ ಬರಹಗಾರ ಡಾನ್ ನಿಕೋಲ್ 1980ರಲ್ಲಿ ತೀರಿಕೊಂಡರು. ಅವರ ನೆನಪಿಗಾಗಿ ಪತ್ನಿ ಜೀ ನಿಕೋಲ್ ಕೊಟ್ಟ ದತ್ತಿಯಿಂದ, ಆಸ್ಕರ್ ನೀಡುವ ಅಮೆರಿಕದ ಅಕಾಡೆಮಿ 1986ರಲ್ಲಿ ಹೊಸ ಚಿತ್ರಕಥೆಗಾರರಿಗೆಂದು ಈ ಸ್ಪರ್ಧೆ ಆರಂಭಿಸಿತು.

ಗೆದ್ದ ಕೃತಿಯ ಮೇಲೆ ಅಕಾಡೆಮಿಗೆ ಹಕ್ಕಿಲ್ಲ. ಆದರೆ ಕರಾರೊಂದಿದೆ: ಹಣ ಪಡೆದವರು ಆ ವರ್ಷ ಮತ್ತೊಂದು ಚಿತ್ರಕಥೆ ಬರೆದು ಮುಗಿಸಬೇಕು. 1992ರಲ್ಲಿ ಗೆದ್ದ ಸುಸಾನಾ ಗ್ರಾಂಟ್ ಮುಂದೆ ‘ಎರಿನ್ ಬ್ರಾಕೊವಿಚ್’ ಬರೆದರು. 1998ರಲ್ಲಿ ಗೆದ್ದ ಮೈಕ್ ರಿಚ್ ಪೋರ್ಟ್‌ಲ್ಯಾಂಡಿನ ರೇಡಿಯೊ ಸುದ್ದಿಗಾರ. ಅವರ ‘ಫೈಂಡಿಂಗ್ ಫಾರೆಸ್ಟರ್’ 2000ದಲ್ಲಿ ತೆರೆಗೆ ಬಂತು.

ಹೊಟ್ಟೆಪಾಡಿನ ದುಡಿಮೆಯ ನಡುವೆ ಕದ್ದು ಬರೆಯುವವರನ್ನು ನಾನು ಬಲ್ಲೆ. ಅವರಿಗೆ ಬೇಕಾದದ್ದು ಹಾರ ತುರಾಯಿಯಲ್ಲ, ಬಿಡುವು. ಬರಹಗಾರನ ಕೈಹಿಡಿದವರಿಗೆ ಇದು ತಿಳಿಯದೆ ಇದ್ದೀತೆ?