ದೇವರಾಯನ ಸಿಂಹಾಸನದ ಮುಂದೆ ಕುರ್‌ಆನ್

ಹೊಸಪೇಟೆಯಿಂದ ಮಲಪನಗುಡಿಯನ್ನು ಹಾದು ಹಂಪಿಗೆ ಹೋಗುವವರಿಗೆ ಕಡ್ಡಿರಾಂಪುರದ ಬಳಿ ಎರಡು ಹಳೆಯ ಮುಸ್ಲಿಮ್ ಗೋರಿಗಳು ಕಾಣಸಿಗುತ್ತವೆ. ಶಾಸನಗಳಿಗೆ ವಿರೂಪಾಕ್ಷನ ಅಂಕಿತ ಹಾಕುತ್ತಿದ್ದ ಅರಸರ ರಾಜಧಾನಿಯಲ್ಲಿ ಮುಸ್ಲಿಮರಿಗೆ ನೆಲೆ ಹೇಗೆ ದೊರೆಯಿತು?

ಹಂಪಿಯ ಅವಶೇಷಗಳ ನಡುವೆ ಅಹ್ಮದ್ ಖಾನನ ಮಸೀದಿಯಿದೆ. ಈತ ಇಮ್ಮಡಿ ದೇವರಾಯನ ಸೇವೆಯಲ್ಲಿದ್ದವನು. ಮಸೀದಿಯನ್ನು ಕಟ್ಟಿಸಿದ್ದು 1439ರಲ್ಲಿ. ಗುಮ್ಮಟವಿಲ್ಲ, ಮಿನಾರವಿಲ್ಲ, ನೋಡಲು ಕಂಬಗಳ ಮಂಟಪದಂತೆಯೇ ಇದೆ. ಅಲ್ಲಿಯ ಶಾಸನವೂ ಕನ್ನಡದ್ದು. ಅದು ಈ ಕಟ್ಟಡವನ್ನು ಧರ್ಮಸಾಲೆ ಎಂದು ಕರೆಯುತ್ತದೆ, ದೇವರಾಯನಿಗೆ ಪುಣ್ಯವಾಗಲೆಂದು ಕಟ್ಟಿಸಿದ್ದಾಗಿ ಹೇಳುತ್ತದೆ. ಮದ್ರಸದಲ್ಲಿ ಓದಿದ ನಾವು ಈ ಮಾತಿನ ಮುಂದೆ ತುಸು ಹೊತ್ತು ನಿಲ್ಲುತ್ತೇವೆ ಎಂಬುದು ನಿಜ.

ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫೆರಿಷ್ತಾ ಸುಮಾರು ಒಂದೂವರೆ ಶತಮಾನದ ಬಳಿಕ ಬರೆದ ವೃತ್ತಾಂತದಲ್ಲಿ ಇದರ ಹಿನ್ನೆಲೆ ದೊರೆಯುತ್ತದೆ. ಬಹಮನಿಗಳೆದುರು ತಮ್ಮವರು ಸೋಲುತ್ತಿರುವುದೇಕೆಂದು ದೇವರಾಯನು ವಿಚಾರಿಸಿದನಂತೆ. ಶತ್ರುವಿನ ಕುದುರೆಗಳೂ ಬಿಲ್ಲುಗಾರರೂ ಮೇಲು ಎಂಬ ಉತ್ತರ ಬಂದಿತು. ಅವನು ಮುಸ್ಲಿಮರನ್ನು ಸೇನೆಗೆ ಸೇರಿಸಿಕೊಂಡು ಜಹಗೀರು ನೀಡಿದನು, ಮಸೀದಿ ಕಟ್ಟಿಸಿದನು, ಅವರ ಧರ್ಮಾಚರಣೆಗೆ ಯಾರೂ ಅಡ್ಡಿಪಡಿಸಬಾರದೆಂದು ಆಜ್ಞಾಪಿಸಿದನು. ಅವರು ಮನಸ್ಸಿಗೆ ಅಳುಕಿಲ್ಲದೆ ತಲೆಬಾಗಲೆಂದು ಸಿಂಹಾಸನದ ಮುಂದೆ ಕುರ್‌ಆನ್ ಇಡಿಸಿದನು.

ಇದರಲ್ಲಿ ಧರ್ಮಪ್ರೇಮಕ್ಕಿಂತ ಯುದ್ಧದ ಅಗತ್ಯವೇ ಹೆಚ್ಚು. ಆದರೂ ಅಲ್ಲಾಹನ ಹೊರತು ಯಾರಿಗೂ ಸುಜೂದ್ ಸಲ್ಲದೆಂಬ ವಿಶ್ವಾಸವನ್ನು ಬಿಡಿರೆಂದು ಅರಸನು ಕೇಳಲಿಲ್ಲ. ಬದಲಾದದ್ದು ಆಸ್ಥಾನದ ಪದ್ಧತಿ.

ಆದರೆ ಇದನ್ನೇ ಇಂದಿನ ಜಾತ್ಯತೀತತೆಯೆಂದು ಹೊಗಳುವುದು ಅವಸರವಾದೀತು. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ಬುಕ್ಕರಾಯನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಸಾರಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿದ್ದನ್ನು ಶ್ರವಣಬೆಳಗೊಳದ ಶಾಸನ ತಿಳಿಸುತ್ತದೆ. ಅದು ಉದಾತ್ತ ನ್ಯಾಯವೇ. ಆದರೆ ಬಸದಿಯ ಕಾವಲಿಗೆ ಜೈನರು ವರ್ಷಕ್ಕೆ ಮನೆಗೊಂದು ಹಣ ತೆರಬೇಕಾಯಿತು, ಕಾವಲಿನವರನ್ನು ನೇಮಿಸುವ ಹೊಣೆ ತಿರುಮಲೆಯ ತಾತಯ್ಯನದಾಯಿತು. ರಕ್ಷಣೆಯಿತ್ತು, ಹಕ್ಕಿರಲಿಲ್ಲ.

ಪ್ರಭುತ್ವವು ಯಾವ ಧರ್ಮಕ್ಕೂ ಸೇರದಿರುವುದನ್ನು ಧರ್ಮದ್ರೋಹವೆಂದು ತಿಳಿಯುವವರು ನಮ್ಮಲ್ಲಿಯೂ ಇದ್ದಾರೆ. ಅವರು ಸಂವಿಧಾನದ 25ನೇ ವಿಧಿಯನ್ನು ಈ ಎರಡು ಶಾಸನಗಳ ಪಕ್ಕದಲ್ಲಿಟ್ಟು ಓದಬೇಕು. ಅಲ್ಲಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಎಲ್ಲ ವ್ಯಕ್ತಿಗಳಿಗೂ ಸೇರಿದ್ದು. ಅದಕ್ಕಾಗಿ ಯಾರೂ ಬಿಲ್ಲುಗಾರರಾಗಬೇಕಿಲ್ಲ, ಮನೆಗೊಂದು ಹಣವನ್ನೂ ತೆರಬೇಕಿಲ್ಲ.